ಕಿರಿಯ ರಾಣಿ ಯಾರು?

ಕಳೆದ ತಿಂಗಳು ನಮ್ಮ ಬಳಗದ ಕೂಟದಲ್ಲಿ ಮಹಾಭಾರತದ ಆದಿಪರ್ವದ ಕಥಾಭಾಗದ ವಾಚನವಿತ್ತು. ಕುಂತಿಗೆ ತನಗಿಂತ ಮೊದಲು ಮಗ ಹುಟ್ಟಿದನೆಂಬ ವಾರ್ತೆ ಕೇಳಿ ಗಾಂಧಾರಿ ತನ್ನ ಬಸಿರನ್ನು ತಾನೇ ಗುದ್ದಿಕೊಳ್ಳುವ ಪ್ರಸಂಗ. ಮುಂದೆ ದುರ್ಯೋಧನ ಹುಟ್ಟಿದಾಗ ಅಪಶಕುನಗಳನ್ನು ಕಂಡ ವಿದುರ, ಕುಲದ ಉಳಿವಿಗಾಗಿ ಈ ಮಗುವನ್ನು ತೊರೆಯಬೇಕೆಂದು ಹೇಳುವ ಪ್ರಸಂಗ. ವಾಚನ ಮುಗಿದು ಕಾಫಿ ಬರುವಷ್ಟರಲ್ಲಿ ಹಿಂದಿನ ಸಾಲಿನ ಕಾಲೇಜು ಮಕ್ಕಳಲ್ಲಿ ಬೇರೊಂದು ಅರಮನೆಯ ಚರ್ಚೆ ಕಾವೇರಿತ್ತು. ಸರ್ಸೀ ರಾಣಿಯನ್ನು ಕೆಡವಲಿರುವ ಆ ಕಿರಿಯ ರಾಣಿ ಯಾರು? ಮಾರ್ಜರಿಯೋ, ಸಾನ್ಸಾಳೋ, ಡನೇರಿಸಳೋ? ಮೂವರಿಗೂ ಮೂರು ಪಕ್ಷ. ಕೊನೆಗೆ ಒಬ್ಬಳು ನಮ್ಮ ಕಡೆ ತಿರುಗಿ, "ಅಂಕಲ್, ನೀವು ಇಂಗ್ಲಿಷ್ ಎಂ.ಎ. ಅಲ್ವಾ, ನೀವೇ ತೀರ್ಪು ಕೊಡಿ" ಎಂದಳು. ತೀರ್ಪು ಕೊಡುವ ಅಧಿಕಾರ ನಮ್ಮದಲ್ಲ. ಕೇಂದ್ರ ಸರ್ಕಾರದ ನೌಕರರಾದ ನಮಗೆ ಕಡತವನ್ನು ಪರಿಶೀಲಿಸಿ ಟಿಪ್ಪಣಿ ಬರೆಯುವುದಷ್ಟೇ ಅಭ್ಯಾಸ. ಅಂಥ ಟಿಪ್ಪಣಿಯೊಂದನ್ನು ಬರೆದುಕೊಡುತ್ತೇವೆಂದು ಅಂದು ಮಾತು ಕೊಟ್ಟಿದ್ದೆವು. ಆ ಮಾತನ್ನು ಇಲ್ಲಿ ತೀರಿಸುತ್ತಿದ್ದೇವೆ.

ಓದದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳಬೇಕು. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಕಾದಂಬರಿ ಮಾಲೆ 1996ರಲ್ಲಿ ಆರಂಭವಾಯಿತು. 'ಗೇಮ್ ಆಫ್ ಥ್ರೋನ್ಸ್' ಎಂಬ ಹೆಸರಿನಲ್ಲಿ 2011ರಿಂದ 2019ರವರೆಗೆ ಟಿವಿಯಲ್ಲಿ ಬಂದದ್ದು ಇದರ ರೂಪಾಂತರ. 2005ರಲ್ಲಿ ಬಂದ ನಾಲ್ಕನೆಯ ಸಂಪುಟದಲ್ಲಿ ಸರ್ಸೀ ರಾಣಿ ತನ್ನ ಬಾಲ್ಯದ ಒಂದು ರಾತ್ರಿಯನ್ನು ನೆನೆಯುತ್ತಾಳೆ. ಹುಡುಗಿಯಾಗಿದ್ದಾಗ ಆಕೆ ಗೆಳತಿಯೊಡನೆ ಮ್ಯಾಗಿ ಎಂಬ ಮಂತ್ರವಾದಿ ಮುದುಕಿಯ ಗುಡಾರಕ್ಕೆ ಹೋಗಿದ್ದಳು. ಮುದುಕಿ ಹುಡುಗಿಯ ರಕ್ತದ ರುಚಿ ನೋಡಿ ನುಡಿದದ್ದರ ಸಾರ ಇಷ್ಟು: ನೀನು ಬಯಸಿದ ರಾಜಕುಮಾರ ನಿನಗೆ ದಕ್ಕುವುದಿಲ್ಲ, ರಾಜನೇ ದಕ್ಕುತ್ತಾನೆ, ನೀನು ರಾಣಿಯಾಗುವೆ, ಆದರೆ ನಿನಗಿಂತ ಕಿರಿಯಳೂ ಚೆಲುವೆಯೂ ಆದ ಇನ್ನೊಬ್ಬಳು ಬಂದು ನಿನ್ನದೆಲ್ಲವನ್ನೂ ಕಸಿಯುವವರೆಗೆ ಮಾತ್ರ, ರಾಜನಿಗೆ ಹದಿನಾರು ಮಕ್ಕಳು, ನಿನಗೆ ಮೂವರು, ಆ ಮೂವರಿಗೂ ಚಿನ್ನದ ಕಿರೀಟ, ಚಿನ್ನದ ಶವವಸ್ತ್ರ, ಕಡೆಗೆ ಒಬ್ಬ ತಮ್ಮನ ಕೈ ನಿನ್ನ ಕೊರಳನ್ನು ಹಿಸುಕುತ್ತದೆ.

ಓದುಗರ ಊಹೆಗಳೆಲ್ಲ ಈ ಕೆಲವು ಮಾತುಗಳ ಸುತ್ತ ಬೆಳೆದವು. 'ತಮ್ಮ' ಎಂದರೆ ಸರ್ಸೀ ದ್ವೇಷಿಸುವ ಕುಳ್ಳ ಟಿರಿಯನ್ ಎಂದು ಆಕೆಯೇ ನಂಬಿದ್ದಾಳೆ. ಅವಳಿ ಸಹೋದರ ಜೇಮಿ ಹುಟ್ಟಿದ್ದು ಆಕೆಯ ನಂತರವೇ, ಹಾಗಾಗಿ ಅವನೂ ತಮ್ಮನೇ ಎಂದು ಓದುಗರು ನೆನಪಿಸುತ್ತಾರೆ. 2015ರಲ್ಲಿ ಟಿವಿ ಸರಣಿ ಈ ಭವಿಷ್ಯವಾಣಿಯನ್ನು ತೋರಿಸಿದಾಗ ತಮ್ಮನ ಮಾತನ್ನು ಕೈಬಿಟ್ಟಿತು. ಕೈಬಿಟ್ಟದ್ದಕ್ಕೂ ಒಂದು ಅರ್ಥ ಹುಟ್ಟಿತು. ಮೈಲಾರದ ಕಾರಣಿಕವನ್ನು ಬಲ್ಲವರಿಗೆ ಈ ಬಗೆಯ ಅರ್ಥಶೋಧನೆ ಹೊಸದಲ್ಲ. ಗೊರವಯ್ಯ ಬಿಲ್ಲೇರಿ ನುಡಿಯುವುದು ಒಂದೇ ಒಂದು ಮಾತು. ಅದು ಮಳೆಯದೋ ಬೆಳೆಯದೋ ರಾಜ್ಯಭಾರದ್ದೋ ಎಂದು ನಿರ್ಧರಿಸುವ ಕೆಲಸ ಕೇಳಿದವರಿಗೆ ಬಿಟ್ಟದ್ದು. ಜಾತ್ರೆ ಮುಗಿದು ವರ್ಷವಾಗುವವರೆಗೂ ಆ ಕೆಲಸ ನಡೆದೇ ಇರುತ್ತದೆ.

ಆದರೆ ಈ ಆಟದ ಹಿಂದೆ ಒಂದು ನಿಜವಾದ ಇತಿಹಾಸವಿದೆ. ಇಂಗ್ಲೆಂಡಿನ ಹದಿನೈದನೆಯ ಶತಮಾನದ ಅಂತರ್ಯುದ್ಧಗಳು, ಅಂದರೆ ಲ್ಯಾಂಕಾಸ್ಟರ್ ಮತ್ತು ಯಾರ್ಕ್ ಮನೆತನಗಳ ಗುಲಾಬಿ ಯುದ್ಧಗಳು, ತಮ್ಮ ಕಥೆಗೆ ಪ್ರೇರಣೆಯೆಂದು ಮಾರ್ಟಿನ್ ಅವರೇ ಹೇಳಿದ್ದಾರೆ. ಆ ಕಾಲದಲ್ಲಿ ರಾಜನ ಭವಿಷ್ಯ ನುಡಿಯುವುದು ಕಾಲಕ್ಷೇಪವಾಗಿರಲಿಲ್ಲ, ಅದು ರಾಜದ್ರೋಹವಾಗಬಲ್ಲ ಕೃತ್ಯವಾಗಿತ್ತು. ನುಡಿದವರೂ ನುಡಿಸಿದವರೂ ತಲೆ ಕೊಡಬೇಕಾಗುತ್ತಿತ್ತು.

1441ರ ಪ್ರಕರಣವನ್ನು ನೋಡೋಣ. ಆಗ ಆರನೆಯ ಹೆನ್ರಿಗೆ ಹತ್ತೊಂಬತ್ತು ವರ್ಷ, ಮದುವೆಯಾಗಿರಲಿಲ್ಲ. ಅವನಿಗೆ ಏನಾದರೂ ಆದರೆ ಪಟ್ಟ ಅವನ ಚಿಕ್ಕಪ್ಪ, ಗ್ಲಾಸ್ಟರ್‌ನ ಡ್ಯೂಕ್ ಹಂಫ್ರಿಗೆ ಸೇರುತ್ತಿತ್ತು. ಹಾಗಾದಲ್ಲಿ ರಾಣಿಯಾಗುವವಳು ಹಂಫ್ರಿಯ ಹೆಂಡತಿ ಎಲೆನರ್ ಕಾಬಮ್. ಇಬ್ಬರು ವಿದ್ವಾಂಸರು, ರೋಜರ್ ಬೋಲಿಂಗ್‌ಬ್ರೂಕ್ ಮತ್ತು ಥಾಮಸ್ ಸೌತ್‌ವೆಲ್, ರಾಜನ ಜಾತಕವನ್ನು ಗುಣಿಸಿ, ಪ್ರಾಣಕ್ಕೆ ಅಪಾಯ ತರುವ ಅನಾರೋಗ್ಯ ಕಾದಿದೆಯೆಂದು ಕಂಡುಕೊಂಡರು. ಸುದ್ದಿ ಹೊರಬಿತ್ತು. ರಾಜನ ಕಡೆಯವರು ಬೇರೆ ವಿದ್ವಾಂಸರಿಂದ ಇನ್ನೊಂದು ಜಾತಕ ಬರೆಸಿ, ಅಂಥ ಅಪಾಯವೇನೂ ಇಲ್ಲವೆಂದು ಸಾಧಿಸಿದರು. ಒಂದು ಭವಿಷ್ಯಕ್ಕೆ ಇನ್ನೊಂದು ಭವಿಷ್ಯವೇ ಸರ್ಕಾರಿ ಉತ್ತರವಾಯಿತು. ನಮ್ಮ ಕಚೇರಿಗಳಲ್ಲಿ ಒಂದು ವರದಿ ಒಪ್ಪಿಗೆಯಾಗದಿದ್ದರೆ ಮತ್ತೊಂದು ಸಮಿತಿ ನೇಮಿಸುವುದನ್ನು ಕಂಡವರಿಗೆ ಇದು ಅಪರಿಚಿತವೆನಿಸದು.

ವಿಚಾರಣೆಯಲ್ಲಿ ಇನ್ನೊಬ್ಬ ಹೆಂಗಸಿನ ಹೆಸರು ಬಂತು: ಮಾರ್ಜರಿ ಜೂರ್ಡಮೇನ್. ಎಲೆನರ್ ಆಕೆಯಿಂದ ಔಷಧಿ, ಮಂತ್ರಗಳನ್ನು ಪಡೆದಿದ್ದಳೆಂದು ಆರೋಪ. ಕೇಳಿದ್ದು ಹೌದು, ಆದರೆ ಗಂಡನಿಂದ ತನಗೊಂದು ಮಗುವಾಗಲೆಂದು ಕೇಳಿದ್ದು ಎಂಬುದು ಎಲೆನರ್ ಕೊಟ್ಟ ಉತ್ತರ. ಅಕ್ಟೋಬರ್ 27ರಂದು ಮಾರ್ಜರಿಯನ್ನು ಲಂಡನ್ನಿನ ಸ್ಮಿತ್‌ಫೀಲ್ಡ್‌ನಲ್ಲಿ ಜೀವಂತ ಸುಟ್ಟರು. ಸೌತ್‌ವೆಲ್ ಸೆರೆಯಲ್ಲಿ ಸತ್ತ. ಬೋಲಿಂಗ್‌ಬ್ರೂಕ್‌ನನ್ನು ನೇಣಿಗೇರಿಸಿ ದೇಹವನ್ನು ತುಂಡರಿಸಿದರು. ಎಲೆನರ್ ನವೆಂಬರ್ ತಿಂಗಳ ಮೂರು ಸಂತೆಯ ದಿನಗಳಲ್ಲಿ ಕೈಯಲ್ಲಿ ಮೇಣದಬತ್ತಿ ಹಿಡಿದು ಲಂಡನ್ನಿನ ಬೀದಿಗಳಲ್ಲಿ ಜನರೆದುರು ಪ್ರಾಯಶ್ಚಿತ್ತದ ನಡಿಗೆ ನಡೆಯಬೇಕಾಯಿತು. ಆಕೆಯ ಮದುವೆಯನ್ನು ರದ್ದುಗೊಳಿಸಿ ಬದುಕಿರುವವರೆಗೆ ಸೆರೆಯಲ್ಲಿಟ್ಟರು. 1452ರಲ್ಲಿ ವೇಲ್ಸ್‌ನ ಬೋಮಾರಿಸ್ ಕೋಟೆಯಲ್ಲಿ ಆಕೆ ತೀರಿಕೊಂಡಳು. ಮರುವರ್ಷ, 1453ರಲ್ಲಿ, ರಾಜ ಹೆನ್ರಿ ತಿಂಗಳುಗಟ್ಟಲೆ ಯಾರನ್ನೂ ಗುರುತಿಸಲಾರದಂಥ ಮನೋವ್ಯಾಧಿಗೆ ತುತ್ತಾದ. ಕಂಡಿರಾ, ಜಾತಕ ಸುಳ್ಳಾಗಲಿಲ್ಲ ಎನ್ನಬಯಸುವವರಿಗೆ ಹನ್ನೆರಡು ವರ್ಷದ ಅಂತರ ದೊಡ್ಡ ಅಡ್ಡಿಯಲ್ಲ.

ಮಾರ್ಟಿನ್ ಅವರ ಮ್ಯಾಗಿಯನ್ನೂ ಈ ಮಾರ್ಜರಿಯನ್ನೂ ಹೆಸರಿನ ಹೋಲಿಕೆಯಿಂದ ಜೋಡಿಸುವ ಓದುಗರುಂಟು. ಸರ್ಸೀ ರಾಣಿಯ ಪ್ರಾಯಶ್ಚಿತ್ತದ ನಡಿಗೆಗೆ 1483ರಲ್ಲಿ ಇಂಥದೇ ಶಿಕ್ಷೆಗೆ ಒಳಗಾದ ಜೇನ್ ಶೋರ್‌ಳನ್ನೂ ಮಾದರಿಯಾಗಿ ಹೇಳುತ್ತಾರೆ. ಹೆಸರಿನ ಮೇಲೆ ಮನೆ ಕಟ್ಟುವ ಅಗತ್ಯ ನಮಗಿಲ್ಲ. ನಾವು ಗಮನಿಸಬೇಕಾದದ್ದು ಎಲೆನರ್‌ಳ ಕಥೆಯ ಮೊದಲ ಭಾಗ. ಆಕೆ ಹಂಫ್ರಿಯ ಮೊದಲ ಹೆಂಡತಿಯಲ್ಲ. ಮೊದಲನೆಯವಳು ಹೈನಾಲ್ಟ್‌ನ ಜಾಕ್ವೆಲಿನ್. ಎಲೆನರ್ ಆಕೆಯ ಸಖಿಯಾಗಿದ್ದವಳು. 1428ರಲ್ಲಿ ಆ ಮದುವೆ ಅಸಿಂಧುವಾದ ಮೇಲೆ ಹಂಫ್ರಿ ಎಲೆನರ್‌ಳನ್ನು ವರಿಸಿದ. ಹಾಗೆ ನೋಡಿದರೆ ಜಾಕ್ವೆಲಿನ್‌ಳ ಪಾಲಿಗೆ ಆ 'ಕಿರಿಯಳು' ಎಲೆನರಳೇ. ಹದಿಮೂರು ವರ್ಷದ ನಂತರ ಬೀದಿಯಲ್ಲಿ ಮೇಣದಬತ್ತಿ ಹಿಡಿದು ನಡೆದವಳೂ ಆಕೆಯೇ.

ಹೆಣ್ಣುಮಕ್ಕಳಷ್ಟೇ ಇದಕ್ಕೆ ಬಲಿಯಾದರೆಂದಲ್ಲ. ನಾಲ್ಕನೆಯ ಎಡ್ವರ್ಡನ ಕಾಲದಲ್ಲಿ, ಅವನ ನಂತರ 'ಜಿ' ಅಕ್ಷರದವನು ಆಳುತ್ತಾನೆಂಬ ಭವಿಷ್ಯ ಹಬ್ಬಿತ್ತೆಂದು ಜಾನ್ ರೌಸ್ ಎಂಬ ಸಮಕಾಲೀನ ಚರಿತ್ರಕಾರ ಬರೆದಿದ್ದಾನೆ. ರಾಜನ ತಮ್ಮ, ಕ್ಲಾರೆನ್ಸ್‌ನ ಡ್ಯೂಕ್, ಹೆಸರಿನಿಂದ ಜಾರ್ಜ್. ದ್ರೋಹದ ಆರೋಪ ಹೊತ್ತ ಅವನನ್ನು 1478ರ ಫೆಬ್ರವರಿಯಲ್ಲಿ ಕೊಲ್ಲಲಾಯಿತು. 1483ರಲ್ಲಿ ಎಡ್ವರ್ಡ್ ಸತ್ತಾಗ ಅವನ ಚಿಕ್ಕ ಮಗನನ್ನು ಬದಿಗೊತ್ತಿ ಪಟ್ಟವೇರಿದವನು ಇನ್ನೊಬ್ಬ ತಮ್ಮ ರಿಚರ್ಡ್. ಅವನ ಬಿರುದು ಗ್ಲಾಸ್ಟರ್‌ನ ಡ್ಯೂಕ್. ಇಂಗ್ಲಿಷಿನಲ್ಲಿ ಅದೂ 'ಜಿ' ಅಕ್ಷರವೇ. ರೌಸ್ ಇದನ್ನು ಬರೆದದ್ದು ಎಲ್ಲ ನಡೆದು ಮುಗಿದ ಮೇಲೆ. ಷೇಕ್ಸ್‌ಪಿಯರ್ ಇದನ್ನು 'ರಿಚರ್ಡ್ ದಿ ಥರ್ಡ್' ನಾಟಕದ ಆರಂಭದಲ್ಲಿಯೇ ಬಳಸಿಕೊಂಡ. ತಪ್ಪು ತಮ್ಮನನ್ನು ಅನುಮಾನಿಸಿ ಸರಿಯಾದ ತಮ್ಮನನ್ನು ಮರೆಯುವ ಈ ಕಥನಸೂತ್ರವೇ ಟಿರಿಯನ್ ಮತ್ತು ಜೇಮಿಯರ ಕುರಿತ ಊಹೆಯಲ್ಲಿಯೂ ಕೆಲಸ ಮಾಡುತ್ತಿದೆ.

ರಾಣಿಯರ ಪೈಪೋಟಿಗೆ ಭವಿಷ್ಯವಾಣಿ ನೇರವಾಗಿ ತಳುಕುಹಾಕಿಕೊಂಡದ್ದು ಎಂಟನೆಯ ಹೆನ್ರಿಯ ಕಾಲದಲ್ಲಿ. ಗಂಡುಮಗುವಿಲ್ಲವೆಂದು ಅವನು ರಾಣಿ ಕ್ಯಾಥರೀನಳನ್ನು ಬಿಟ್ಟು ಆನ್ ಬೊಲೀನಳನ್ನು ಮದುವೆಯಾಗಲು ಹೊರಟಾಗ, ಕೆಂಟ್ ಪ್ರಾಂತದ ಎಲಿಜಬೆತ್ ಬಾರ್ಟನ್ ಎಂಬ ಸನ್ಯಾಸಿನಿ ದೈವಾವೇಶದಲ್ಲಿ ನುಡಿಯತೊಡಗಿದಳು: ರಾಜ ಈ ಮದುವೆಯಾದರೆ ಒಂದು ತಿಂಗಳೊಳಗೆ ರಾಜನಾಗಿ ಉಳಿಯುವುದಿಲ್ಲ. ಹಿಂದೆ ಮನೆಗೆಲಸದವಳಾಗಿದ್ದ ಆಕೆಯ ಮಾತನ್ನು ದೊಡ್ಡವರೂ ಕಿವಿಗೊಟ್ಟು ಕೇಳಿದರು. 1533ರ ಜನವರಿಯಲ್ಲಿ ಮದುವೆ ನಡೆಯಿತು. ತಿಂಗಳುಗಳು ಕಳೆದರೂ ರಾಜ ಅರಸುತ್ತಲೇ ಇದ್ದ. 1534ರ ಏಪ್ರಿಲ್ 20ರಂದು ಬಾರ್ಟನ್‌ಳನ್ನು ಟೈಬರ್ನ್‌ನಲ್ಲಿ ಗಲ್ಲಿಗೇರಿಸಿದರು. ಈ ಪ್ರಕರಣದಲ್ಲಿ ನಾವು ಮೆಚ್ಚುವುದು ಕ್ಯಾಥರೀನಳ ವಿವೇಕವನ್ನು. ತನ್ನ ಪರವಾಗಿಯೇ ನುಡಿಯುತ್ತಿದ್ದ ಆ ಸನ್ಯಾಸಿನಿಯನ್ನು ಆಕೆ ಒಮ್ಮೆಯೂ ಭೇಟಿಯಾಗಲು ಒಪ್ಪಲಿಲ್ಲ. ಒಪ್ಪಿದ್ದರೆ ಅದೇ ಆಕೆಯ ಮೇಲಿನ ದ್ರೋಹದ ಆರೋಪವಾಗುತ್ತಿತ್ತು.

ಆನ್‌ಗೂ ಭವಿಷ್ಯದ ನೆರಳು ತಪ್ಪಲಿಲ್ಲ. ಕವಿ ಥಾಮಸ್ ವಯಟ್‌ನ ಮೊಮ್ಮಗ ಜಾರ್ಜ್ ವಯಟ್ ಆಕೆಯ ಬಗ್ಗೆ ಬರೆದ ಚರಿತ್ರೆಯಲ್ಲಿ ಒಂದು ಪ್ರಸಂಗ ಬರುತ್ತದೆ. ಮದುವೆಗೆ ಮುನ್ನ ಯಾರೋ ಆಕೆಯ ಕೋಣೆಯಲ್ಲಿ ಭವಿಷ್ಯದ ಪುಸ್ತಕವೊಂದನ್ನು ಇಟ್ಟುಹೋಗಿದ್ದರಂತೆ. ಅದರಲ್ಲಿ ಅಕ್ಷರಗಳಿಂದ ಗುರುತಿಸಿದ ಮೂರು ಚಿತ್ರಗಳು: ರಾಜ, ಕೈ ಹಿಸುಕಿಕೊಂಡು ಅಳುವ ರಾಣಿ, ಮತ್ತು ರುಂಡವಿಲ್ಲದ ಆನ್. ಆಕೆ ಅದನ್ನು ಸಖಿಗೆ ತೋರಿಸಿ, ಇದೊಂದು ಹುಡುಗಾಟದ ವಸ್ತು, ಆದರೂ ನನ್ನ ಸಂತಾನದಿಂದ ರಾಜ್ಯಕ್ಕೆ ಒಳಿತಾಗುವುದಾದರೆ ಏನಾದರಾಗಲಿ ಮದುವೆಯಾಗುತ್ತೇನೆ ಎಂಬ ಅರ್ಥದ ಮಾತನ್ನಾಡಿದಳಂತೆ. ಇದೂ ಆಕೆಯ ಮರಣದ ಎಷ್ಟೋ ವರ್ಷಗಳ ನಂತರ ಬರೆದದ್ದು. ಎಲ್ಲ ಮುಗಿದ ಮೇಲೆ ನೆನಪಾಗುವ ಭವಿಷ್ಯಗಳ ಸಾಲಿಗೆ ಇದನ್ನೂ ಸೇರಿಸಬಹುದು.

ಆನ್ ಬಸಿರಾದಾಗ ಹುಟ್ಟುವುದು ಗಂಡೆಂದೇ ಜ್ಯೋತಿಷಿಗಳು ನುಡಿದಿದ್ದರು. ಅರಮನೆಯ ಕಾರಕೂನರು ರಾಣಿಯ ಹೆಸರಿನಲ್ಲಿ ಕಳಿಸಬೇಕಾದ ಪತ್ರಗಳನ್ನು ಮುಂಚೆಯೇ ಬರೆದಿಟ್ಟುಕೊಂಡರು. 1533ರ ಸೆಪ್ಟೆಂಬರ್ 7ರಂದು ಹುಟ್ಟಿದ್ದು ಹೆಣ್ಣು. ಆಗ ಪತ್ರಗಳಲ್ಲಿದ್ದ 'ಪ್ರಿನ್ಸ್' ಎಂಬ ಪದದ ಕೊನೆಗೆ ಇನ್ನೊಂದು 'ಎಸ್' ಅಕ್ಷರವನ್ನು ತುರುಕಬೇಕಾಯಿತು. ಇಪ್ಪತ್ತು ವರ್ಷ ಕರಡು ಪತ್ರಗಳನ್ನು ತಿದ್ದುತ್ತ ಬಂದ ನಮಗೆ ಇತಿಹಾಸದ ಎಷ್ಟೋ ಯುದ್ಧಗಳಿಗಿಂತ ಆ ಇಕ್ಕಟ್ಟಿನ ಒಂದು ಅಕ್ಷರ ಹೆಚ್ಚು ಕಾಡುತ್ತದೆ. ಮಾರ್ಟಿನ್ ಅವರ ಕಥೆಯಲ್ಲಿಯೂ ಇದರ ಪ್ರತಿಧ್ವನಿಯುಂಟು. ಜಗತ್ತನ್ನು ಕಾಯುವ ರಾಜಕುಮಾರನೊಬ್ಬ ಬರುತ್ತಾನೆಂದು ಅಲ್ಲಿ ತಲೆಮಾರುಗಳಿಂದ ಕಾಯುತ್ತಾರೆ. ಮುಪ್ಪಾದ ಏಮನ್ ಎಂಬ ಪಂಡಿತ ಸಾಯುವ ಮುನ್ನ ತಪ್ಪನ್ನು ಕಂಡುಕೊಳ್ಳುತ್ತಾನೆ: ಮೂಲಭಾಷೆಯ ಪದಕ್ಕೆ ಗಂಡು ಹೆಣ್ಣೆಂಬ ಭೇದವಿರಲಿಲ್ಲ, ಭಾಷಾಂತರಿಸಿದವರು ಗಂಡೆಂದುಕೊಂಡರು. ಡನೇರಿಸಳ ಪಕ್ಷದವರು ಈ ಸಾಲನ್ನು ಬಿಗಿಯಾಗಿ ಹಿಡಿದಿರುವುದು ಸಹಜವೇ.

ಮಗಳು ಹುಟ್ಟಿದ ಮೂರು ವರ್ಷಕ್ಕೆ ಆನ್ ಮೇಲೆ ವ್ಯಭಿಚಾರದ ಆರೋಪ ಬಂತು. ಆರೋಪಿತರಲ್ಲಿ ಅರಮನೆಯ ಸಂಗೀತಗಾರ ಮಾರ್ಕ್ ಸ್ಮೀಟನ್ ಒಬ್ಬ. 1536ರ ಮೇ 19ರಂದು ಆನ್‌ಳ ಶಿರಚ್ಛೇದವಾಯಿತು. ಮೇ 30ರಂದು ರಾಜ ಜೇನ್ ಸೀಮೋರಳನ್ನು ಮದುವೆಯಾದ. ಸರ್ಸೀ ಕೂಡ ಸೊಸೆ ಮಾರ್ಜರಿಯ ಮೇಲೆ ಇಂಥದೇ ಆರೋಪ ಹೊರಿಸಲು ಒಬ್ಬ ಗಾಯಕನನ್ನು ಹಿಂಸಿಸಿ ಸಾಕ್ಷಿ ಸೃಷ್ಟಿಸುತ್ತಾಳೆ. ಅದಕ್ಕಾಗಿ ಯಾವ ಧರ್ಮಾಧಿಕಾರಿಗಳ ಕೈಗೆ ಬಲ ಕೊಟ್ಟಳೋ ಅವರೇ ಕಡೆಗೆ ಆಕೆಯನ್ನೂ ಬಂಧಿಸುತ್ತಾರೆ. ಅಶರೀರವಾಣಿಯನ್ನು ಕೇಳಿದ ಕಂಸ ದೇವಕಿಯನ್ನು ಸೆರೆಯಲ್ಲಿಡದಿದ್ದರೆ, ಆಕೆಯ ಮಕ್ಕಳನ್ನು ಕೊಲ್ಲದಿದ್ದರೆ, ಕೃಷ್ಣ ಗೋಕುಲ ಸೇರಬೇಕಾದ ಸಂದರ್ಭವೇ ಬರುತ್ತಿರಲಿಲ್ಲ. ಭವಿಷ್ಯಕ್ಕೆ ಅಂಜಿದವರೇ ಅದಕ್ಕೆ ದಾರಿ ಕಡಿದುಕೊಡುತ್ತಾರೆಂಬುದನ್ನು ನಮ್ಮ ಹಿರಿಯರು ಹೊಸದಾಗಿ ಕಲಿಯಬೇಕಾಗಿರಲಿಲ್ಲ.

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಜಾಕ್ವೆಲಿನ್‌ಳಿಗೆ ಎಲೆನರ್, ಕ್ಯಾಥರೀನಳಿಗೆ ಆನ್, ಆನ್‌ಗೆ ಜೇನ್. ಒಮ್ಮೆ ಕಿರಿಯಳಾಗಿ ಬಂದವಳೇ ಇನ್ನೊಮ್ಮೆ ಹಿರಿಯಳಾಗಿ ಹೊರದೂಡಿಸಿಕೊಳ್ಳುತ್ತಾಳೆ. 'ಕಿರಿಯ ರಾಣಿ' ಎಂಬುದು ಒಬ್ಬಳ ಹೆಸರಲ್ಲ, ಅರಮನೆಯಲ್ಲಿ ಸದಾ ತೆರೆದಿರುವ ಒಂದು ಹುದ್ದೆ. ರಾಜನೊಬ್ಬನ ಮನಸ್ಸಿನ ಮೇಲೆ, ಗಂಡುಮಗುವೊಂದರ ಹುಟ್ಟಿನ ಮೇಲೆ ಹೆಣ್ಣಿನ ಸ್ಥಾನ ನಿಂತಿರುವ ಯಾವ ಅರಮನೆಯಲ್ಲಾದರೂ ಯಾವ ರಾಣಿಗಾದರೂ ಮ್ಯಾಗಿಯ ಮಾತನ್ನು ಹೇಳಬಹುದಿತ್ತು, ಅದು ನಿಜವಾಗುತ್ತಿತ್ತು. ಅದಕ್ಕೆ ರಕ್ತದ ರುಚಿ ನೋಡುವ ವಿದ್ಯೆ ಬೇಡ, ಅರಮನೆಯ ರೀತಿ ಗೊತ್ತಿದ್ದರೆ ಸಾಕು. ಸರ್ಸೀಯ ದುರಂತವಿರುವುದೂ ಇಲ್ಲಿಯೇ. ತನ್ನನ್ನು ಹೆಣ್ಣೆಂದು ಕಡೆಗಣಿಸಿದ ತಂದೆಯನ್ನಾಗಲಿ ಗಂಡನನ್ನಾಗಲಿ ಆಕೆ ಆ ಭವಿಷ್ಯದಲ್ಲಿ ಹುಡುಕಲಿಲ್ಲ. ಚೆಲುವೆಯಾದ ಪ್ರತಿಯೊಬ್ಬ ಕಿರಿಯಳಲ್ಲಿಯೂ ಶತ್ರುವನ್ನು ಕಂಡಳು.

ಮದುವೆಯನ್ನೇ ಆಗದೆ ಆಳಿದ ಮೊದಲನೆಯ ಎಲಿಜಬೆತ್, ಅಂದರೆ ಆ ತಿದ್ದಿದ ಪತ್ರದ ಮಗು, ಈ ಹುದ್ದೆಯನ್ನು ರದ್ದು ಮಾಡಿದಳೆಂದು ಹೇಳಬಹುದಿತ್ತು. ಆದರೆ 1568ರಲ್ಲಿ ಸ್ಕಾಟ್‌ಲೆಂಡಿನ ರಾಣಿ ಮೇರಿ ಆಶ್ರಯ ಬೇಡಿ ಬಂದಳು. ಎಲಿಜಬೆತಳಿಗಿಂತ ಒಂಬತ್ತು ವರ್ಷ ಕಿರಿಯಳು, ಚೆಲುವೆಯೆಂದು ಹೆಸರಾದವಳು, ಇಂಗ್ಲೆಂಡಿನ ಪಟ್ಟಕ್ಕೆ ಹಕ್ಕುಳ್ಳವಳು. ಮ್ಯಾಗಿಯ ಮಾತು ಅಕ್ಷರಶಃ ಬಾಗಿಲಿಗೆ ಬಂದು ನಿಂತಂತಿತ್ತು. ಸುಮಾರು ಹತ್ತೊಂಬತ್ತು ವರ್ಷ ಮೇರಿಯನ್ನು ಬಂಧನದಲ್ಲಿಟ್ಟರು. ಈ ನಡುವೆ 1581ರಲ್ಲಿ ಒಂದು ಶಾಸನ ಬಂತು: ರಾಣಿ ಎಷ್ಟು ಕಾಲ ಬದುಕುತ್ತಾಳೆ, ಅವಳ ನಂತರ ಯಾರು ಎಂದು ಜಾತಕ ಹಾಕಿಯೋ ಭವಿಷ್ಯ ನುಡಿದೋ ಹೇಳುವುದು ಘೋರ ಅಪರಾಧ. ನಾಳೆಯ ಬಗೆಗಿನ ಊಹೆಯನ್ನೇ ನಿಷೇಧಿಸಿದ ಕಾನೂನು ಅದು. 1587ರ ಫೆಬ್ರವರಿ 8ರಂದು ಮೇರಿಯ ತಲೆ ಕಡಿದರು. 1603ರಲ್ಲಿ ಎಲಿಜಬೆತ್ ತೀರಿಕೊಂಡಾಗ ಪಟ್ಟವೇರಿದವನು ಮೇರಿಯ ಮಗ ಜೇಮ್ಸ್.

ನಮ್ಮ ಮನೆಗಳಲ್ಲಿ ಸಿಂಹಾಸನವಿಲ್ಲ. ಆದರೆ 'ಕಾಲ್ಗುಣ' ಎಂಬ ಪದವಿದೆ. ನಮ್ಮ ಅಜ್ಜಿ ಆ ಮನೆಯ ಹಿರಿಯ ಸೊಸೆ. ಚಿಕ್ಕಜ್ಜಿ ಮದುವೆಯಾಗಿ ಬಂದ ವರ್ಷ ಮಳೆ ಚೆನ್ನಾಗಿ ಬಂದು ಅಡಕೆಗೆ ಬೆಲೆ ಸಿಕ್ಕಿತಂತೆ. ಕಿರಿಯಳ ಕಾಲ್ಗುಣ ಎಂದರು ಎಲ್ಲರೂ. ಅದನ್ನು ಕೇಳಿದ ಅಜ್ಜಿ, ತಾನು ಬಂದ ವರ್ಷದ ಬರಗಾಲಕ್ಕೂ ತನ್ನ ಪಾದವೇ ಕಾರಣವೆಂದು ಯಾರೂ ಹೇಳದಿದ್ದರೂ ತಾನೇ ಹೇಳಿಕೊಂಡರು. ಒಂದೇ ಒಲೆಯ ಮುಂದೆ ನಲವತ್ತು ವರ್ಷ ಕೂತ ಆ ಇಬ್ಬರ ನಡುವೆ ಆ ಒಂದು ಪದ ಗೋಡೆಯಾಗಿ ನಿಂತಿತ್ತು. ಚಿಕ್ಕಜ್ಜಿ ತೀರಿಕೊಂಡ ದಿನ ಅಜ್ಜಿ ಹೇಳಿದ್ದು ನಮಗೆ ಚೆನ್ನಾಗಿ ನೆನಪಿದೆ: "ಮಳೆ ಬಂದಿದ್ದಕ್ಕೆ ಅವಳೇನು ಮಾಡ್ತಾಳೆ ಪಾಪ, ನಾನು ಅವಳ ಹತ್ರ ನಗುನಗ್ತಾ ಮಾತಾಡಬೇಕಿತ್ತು."

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಎಲಿಜಬೆತಳನ್ನು ಆಕೆಯ ಮಲಅಕ್ಕ, ಮೊದಲನೆಯ ಮೇರಿ ರಾಣಿಯ ಜೊತೆ ಒಂದೇ ಸಮಾಧಿಯಲ್ಲಿ ಇಟ್ಟಿದ್ದಾರೆ. ಒಬ್ಬಳು ಕ್ಯಾಥರೀನಳ ಮಗಳು, ಇನ್ನೊಬ್ಬಳು ಆನ್‌ಳ ಮಗಳು. ಅಕ್ಕ ಆಳುತ್ತಿದ್ದಾಗ ತಂಗಿಯನ್ನು ಸೆರೆಯಲ್ಲಿಟ್ಟಿದ್ದಳು. ಅದೇ ಅಬೆಯಲ್ಲಿ, ತುಸು ದೂರದಲ್ಲಿ, ಸ್ಕಾಟ್‌ಲೆಂಡಿನ ಮೇರಿಯ ಸಮಾಧಿಯೂ ಇದೆ; ಮಗ ಜೇಮ್ಸ್ ಆಕೆಯ ದೇಹವನ್ನು ಅಲ್ಲಿಗೆ ತರಿಸಿದ. ಮಾರ್ಟಿನ್ ಅವರ ಮುಂದಿನ ಸಂಪುಟ ಬಂದಾಗ ಯಾರ ಊಹೆ ಗೆಲ್ಲುವುದೋ ಗೆಲ್ಲಲಿ, ಆ ಸಂತೋಷ ಮಕ್ಕಳಿಗೇ ಇರಲಿ. ನಮ್ಮ ಟಿಪ್ಪಣಿ ಇಷ್ಟೇ: ಕಿರಿಯ ರಾಣಿ ಯಾರೆಂದು ಕೇಳುವಾಗ, ಇಬ್ಬರು ಹೆಂಗಸರು ಕೂರಬಹುದಾದ ಕಡೆ ಒಂದೇ ಪೀಠ ಹಾಕಿದವರು ಯಾರೆಂದೂ ಕೇಳಬೇಕು. ಮುಂದಿನ ಕೂಟದಲ್ಲಿ ಗಾಂಧಾರಿಯ ಪ್ರಸಂಗ ಮುಂದುವರಿಯಲಿದೆ. ಹಿಂದಿನ ಸಾಲಿನವರು ಈ ಸಲ ಮುಂದೆ ಬಂದು ಕೂರಲಿ ಎಂದು ಕೋರುತ್ತೇವೆ.